ತೂಬಿನ ಬೀಗದ ಕೈ

ಹೊಲಿಗೆಯಮ್ಮನ ಗಂಡ ಹೋದ ಮೇಲಿನ ಹನ್ನೊಂದು ವರ್ಷಗಳಲ್ಲಿ ಭಾವ ಅವಳ ಮನೆಗೆ ಬಂದಾಗಲೆಲ್ಲ ಕೈಯಲ್ಲಿ ಹರಿದದ್ದು ಏನಾದರೊಂದು ಇದ್ದೇ ಇರುತ್ತಿತ್ತು. ಮೊಣಕಾಲು ಬಿಟ್ಟುಕೊಂಡ ಪ್ಯಾಂಟು, ಜಿಪ್ಪು ಕಿತ್ತ ಚೀಲ, ದೋಣಿಗೆ ಹೊದಿಸುವ ಟಾರ್ಪಾಲು. ಬಿಟ್ಟಿ ಹೊಲಿಸಿಕೊಂಡು, ಹೊಲಿಗೆ ಸೊಟ್ಟಗಿದೆ ಎಂದು ಎರಡು ಮಾತು ಆಡಿ ಹೋಗುವುದು ಅವರ ರೂಢಿ. ಆ ಸೋಮವಾರ ಬೆಳಿಗ್ಗೆ ಮಾತ್ರ ಅವರ ಕೈಯಲ್ಲಿ ಒಂದು ನೀಲಿ ಫೈಲು ಬಿಟ್ಟರೆ ಬೇರೇನೂ ಇರಲಿಲ್ಲ. ಬಾಗಿಲಲ್ಲಿ ನಿಂತು ಕಾಲೊರಸಿಕೊಂಡರು. ಹೊಲಿಗೆಯಮ್ಮ ಯಂತ್ರದ ಚಕ್ರವನ್ನು ಅಂಗೈಯಲ್ಲಿ ತಡೆದು ನಿಲ್ಲಿಸಿದಳು. ಭಾವ ಕಾಲೊರಸಿಕೊಳ್ಳುವುದನ್ನು ಅವಳು ನೋಡಿದ್ದು ಅದೇ ಮೊದಲು.

ಕೂತರು. ಚಹಾ ಕೊಟ್ಟರೆ ಕುಡಿದರು, ಚೆನ್ನಾಗಿದೆ ಎಂದರು. ಹಾಸಿಗೆ ಹಿಡಿದ ತಾಯಿಯ ಕಾಲು ಮುಟ್ಟಿ ನೋಡಿದರು. ಆಮೇಲೆ ಫೈಲು ಬಿಚ್ಚಿ, ಮೇಲಿನ ಕೆರೆಯನ್ನು, ಅದರ ಏರಿಯನ್ನು, ಸುತ್ತಲಿನ ದಂಡೆಯನ್ನು ಅವಳ ಹೆಸರಿಗೆ ದಾನ ಬರೆದುಕೊಡುವುದಾಗಿ ಹೇಳಿದರು. ತಮ್ಮ ಹೋದ ಮೇಲೆ ಅವನ ಹೆಂಡತಿಗೆ ಏನೂ ಮಾಡಲಿಲ್ಲ ಎಂಬ ಕೊರಗು ತಮ್ಮನ್ನು ತಿನ್ನುತ್ತಿದೆ ಎಂದರು. ಶುಕ್ರವಾರ ನೋಂದಣಿ ಕಚೇರಿಗೆ ಬಂದು ಒಪ್ಪಿಕೊಂಡೆ ಎಂದು ಒಂದು ಸಹಿ ಹಾಕಿದರೆ ಸಾಕು, ಖರ್ಚೆಲ್ಲ ತಮ್ಮದೇ.

"ಶುಕ್ರವಾರಾನೇ ಯಾಕೆ ಭಾವ?" ಎಂದಳು ಹೊಲಿಗೆಯಮ್ಮ.

"ಒಳ್ಳೆ ಕೆಲಸಕ್ಕೆ ತಡ ಯಾಕಮ್ಮಾ?"

ಅವರು ಹೋದ ಮೇಲೆ ಅವಳು ಕತ್ತರಿ ಕೈಯಲ್ಲಿ ಹಿಡಿದೇ ಕೂತಿದ್ದಳು. ಹನ್ನೊಂದು ವರ್ಷ ತಿನ್ನದ ಕೊರಗು ಇದ್ದಕ್ಕಿದ್ದಂತೆ ಈ ವಾರ ತಿನ್ನಲು ಶುರುಮಾಡಿದ್ದು ಅವಳ ಗಂಟಲಲ್ಲಿ ಇಳಿಯಲಿಲ್ಲ. ಒಳಗಿನ ಕೋಣೆಯಿಂದ ಅತ್ತೆ ಕೂಗಿದರು. ಸೊಂಟ ಮುರಿದು ಎರಡು ವರ್ಷವಾಗಿದ್ದರೂ ಅವರ ಕಿವಿ ಮನೆಯ ಮೂಲೆಮೂಲೆಗೂ ಓಡಾಡಿಕೊಂಡಿತ್ತು.

"ಏನಂತೆ ಕಣೇ ನನ್ನ ಮಗಂದು? ದಾನವಂತೆ?"

"ಹೌದಂತೆ ಅತ್ತೆ. ಕೆರೇನ ನನಗೆ ಕೊಡ್ತಾರಂತೆ."

"ಚಿಕ್ಕವನಿದ್ದಾಗ ಕ್ರೀಮು ಬಿಸ್ಕತ್ತು ಕೊಟ್ರೆ ಕ್ರೀಮು ನೆಕ್ಕಿ ಬಿಸ್ಕತ್ತು ತಮ್ಮನಿಗೆ ಕೊಡ್ತಿದ್ದ. ಕೊಡೋವಾಗ ಹೀಗೇ ಮುಖ ಮಾಡ್ತಿದ್ದ," ಎಂದರು ಅತ್ತೆ. ಆಮೇಲೆ ಕಿಟಕಿಯ ಕಡೆ ತಿರುಗಿಕೊಂಡರು.

ಆ ಕಿಟಕಿಯಿಂದ ಕಾಣುವುದು ಏರಿಯೊಂದೇ. ಕೆಳಬೀದಿಯಲ್ಲಿ ಎಂಟು ಮನೆಗಳು, ಅವುಗಳ ಹಿತ್ತಲಿಗೆ ತಾಗಿದಂತೆ ಎರಡಾಳುದ್ದಕ್ಕೂ ಹೆಚ್ಚು ಎತ್ತರದ ಮಣ್ಣಿನ ಏರಿ, ಅದರ ಆಚೆ ಕೆರೆ. ಹೊಲಿಗೆಯಮ್ಮನ ಮಾವ ತಮ್ಮ ಖುಷಿಗೆಂದು ಹಳ್ಳಕ್ಕೆ ಅಡ್ಡ ಮಣ್ಣು ಹಾಕಿಸಿ ಕಟ್ಟಿಸಿದ್ದು. ಯಾರ ಹೊಲಕ್ಕೂ ಅದರ ನೀರಿಲ್ಲ, ಯಾರ ಕೊಡಕ್ಕೂ ಇಲ್ಲ. ಈಜಲಿಕ್ಕೆ, ಗಾಳ ಹಾಕಲಿಕ್ಕೆ, ದೋಣಿಯಲ್ಲಿ ಸುತ್ತಲಿಕ್ಕೆ ಅಷ್ಟೇ. ಮನೆಯಲ್ಲಿ ಮಗು ಹುಟ್ಟಿದಾಗಲೆಲ್ಲ ಮಾವ ಏರಿಯ ಮೇಲೊಂದು ಮರ ನೆಡುತ್ತಿದ್ದರು. ಏಳು ಮಕ್ಕಳು, ಏಳು ಮರ. ಮಾವ ಹೋದ ಮೇಲೆ ಕೆರೆ ದೊಡ್ಡ ಮಗನಿಗೆ ಬಂತು. ಅವರು ಎರಡು ದೋಣಿಗಳನ್ನು ಆರು ಮಾಡಿ ರಜೆಯ ದಿನ ಬಾಡಿಗೆಗೆ ಬಿಟ್ಟರು. ರಸ್ತೆಯಲ್ಲಿ ಹೋಗುವವರಿಗೆ ನೀರು ಕಾಣಲಿ ಎಂದು ನಾಲ್ಕು ವರ್ಷಗಳ ಹಿಂದೆ ಏಳೂ ಮರಗಳನ್ನು ಕಡಿಸಿದರು. ಬುಡ ಕೀಳಿಸಿದರೆ ಖರ್ಚೆಂದು ಮೊಂಡುಗಳನ್ನು ಹಾಗೇ ಬಿಟ್ಟರು. ಆಗ ಅತ್ತೆ ಎರಡು ದಿನ ಮಗನೊಂದಿಗೆ ಮಾತಾಡಿರಲಿಲ್ಲ.

ಮಂಗಳವಾರ ಬೆಳಗಾಗುತ್ತಲೇ ಹೊಲಿಗೆಯಮ್ಮ ಏರಿಯ ಕಡೆ ನಡೆದಳು. ದಾನವಾಗಿ ಬರುವುದನ್ನೂ ಬಟ್ಟೆಯಂತೆ ಬೆಳಕಿಗೆ ಹಿಡಿದು ನೋಡಬೇಕು ಎನ್ನುವುದು ಅವಳ ಸ್ವಭಾವ. ಮೇಲೆ ಹತ್ತದೆ ದೂರದಲ್ಲೇ ನಿಂತು, ಒಂದು ಕಣ್ಣು ಮುಚ್ಚಿ, ಏರಿಯ ಮೇಲಿನ ಅಂಚನ್ನು ಈ ತುದಿಯಿಂದ ಆ ತುದಿಯವರೆಗೆ ಅಳೆದಳು. ಮೂವತ್ತು ವರ್ಷ ಲಂಗದ ಅಂಚು ನೆಟ್ಟಗಿದೆಯೇ ಎಂದು ನೋಡಿದ ಕಣ್ಣು ಅದು. ಮೂರನೆಯ ಮೊಂಡಿನ ಹತ್ತಿರ ಅಂಚು ಜೋತುಬಿದ್ದಿತ್ತು. ಹೆಚ್ಚೇನಲ್ಲ, ನಾಲ್ಕು ಬೆರಳು. ಬೇರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಅದಕ್ಕೆ ನೇರ ಕೆಳಗೆ, ಏರಿಯ ಬುಡದಲ್ಲಿ, ಹೊಸ ಮಣ್ಣು ಸುರಿದು ಮೇಲೆ ಹುಲ್ಲಿನ ಹೆಂಟೆಗಳನ್ನು ತೇಪೆಯಂತೆ ಹೊದಿಸಿದ್ದರು. ತೇಪೆ ಹಾಕಿದಲ್ಲಿ ತೂತಿರಲೇಬೇಕು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೊಡೆಯ ತುದಿಯಿಂದ ಒಂದು ಹೆಂಟೆಯನ್ನು ಎತ್ತಿದಳು. ಕೆಳಗೆ ಕೆಸರು. ಕೆಸರಿನ ನಡುವೆ ಹೆಬ್ಬೆರಳು ಗಾತ್ರದ ಬಾಯಿ, ಅದರಿಂದ ಸದ್ದಿಲ್ಲದೆ ನೀರು ಒಸರುತ್ತಿತ್ತು. ಏರಿ ಅಂದಮೇಲೆ ಒಂದಿಷ್ಟು ಒಸರುವುದು ಇದ್ದದ್ದೇ ಎಂದು ಮಾವ ಹೇಳುತ್ತಿದ್ದರು; ಬರೀ ನೀರು ಬಂದರೆ ಹೆದರಬೇಡಿ, ಮಣ್ಣು ಬಂದರೆ ಹೆದರಿ ಎನ್ನುತ್ತಿದ್ದರು. ಬೊಗಸೆಯಲ್ಲಿ ಹಿಡಿದು ನೋಡಿದರೆ ತಿಳಿಯಾಗಿಯೇ ಇತ್ತು. ಆದರೆ ಬೊಗಸೆಯನ್ನು ನಂಬುವುದು ಹೇಗೆ? ಅವಳು ಮನೆಗೆ ಹೋಗಿ ಬಿಳಿ ಮಸ್ಲಿನ್ ತುಂಡೊಂದನ್ನು ತಂದು, ನಾಲ್ಕು ಕಡ್ಡಿ ನೆಟ್ಟು, ಒಸರುವ ಬಾಯಿಗೆ ಸೋಸುವ ಬಟ್ಟೆಯಂತೆ ಕಟ್ಟಿ, ಹುಲ್ಲಿನ ಹೆಂಟೆ ಮತ್ತೆ ಮುಚ್ಚಿ ಬಂದಳು.

ಬುಧವಾರ ಬಟ್ಟೆಯ ಮೇಲೆ ತೆಳ್ಳಗೆ ಕಂದು ಬಣ್ಣ ಕೂತಿತ್ತು. ಅದನ್ನು ಬಿಚ್ಚಿ ಹೊಸ ತುಂಡು ಕಟ್ಟಿದಳು. ಗುರುವಾರ ಅದೇ ಅಳತೆಯ ತುಂಡಿನ ಮೇಲೆ ಬೆರಳಲ್ಲಿ ಗೀರಿದರೆ ಗೆರೆ ಬೀಳುವಷ್ಟು ಮಣ್ಣು ಇತ್ತು. ಏರಿ ಒಳಗಿನಿಂದ ಚೂರುಚೂರೇ ಹೊರಗೆ ಬರುತ್ತಿತ್ತು. ಅದರ ಎದುರಿಗೇ, ಇಪ್ಪತ್ತು ಹೆಜ್ಜೆ ದೂರದಲ್ಲಿ, ಅತ್ತೆಯ ಕಿಟಕಿ ಇತ್ತು.

ಎರಡೂ ಬಟ್ಟೆಗಳನ್ನು ಕಾಗದದಲ್ಲಿ ಸುತ್ತಿಕೊಂಡು ಅವತ್ತೇ ಬಸ್ಸು ಹತ್ತಿ ಅಣೆಕಟ್ಟುಗಳ ತಪಾಸಣೆ ಕಚೇರಿಗೆ ಹೋದಳು. ಮೂರನೆಯ ಮಹಡಿ, ಉದ್ದ ಓಣಿ, ಎಲ್ಲ ಬಾಗಿಲುಗಳಿಗೂ ಒಂದೇ ಹಸಿರು ಬಣ್ಣ. ಒಳಗಿದ್ದ ಇಂಜಿನಿಯರಮ್ಮ ಅವಳ ಮಾತು ಅರ್ಧ ಕೇಳುವಷ್ಟರಲ್ಲೇ ಬಟ್ಟೆಗಳನ್ನು ಮೇಜಿನ ಮೇಲೆ ಹರಡಿ, ಕನ್ನಡಕ ಏರಿಸಿ, ಬಗ್ಗಿ ನೋಡಿದರು. ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದರು. ಯಾರೂ ಇಲ್ಲ, ತಾನು ಹೊಲಿಗೆಯವಳು ಎಂದಳು ಅವಳು. ಇಂಜಿನಿಯರಮ್ಮ ಎದ್ದು ಒಂದು ಕಡತ ತಂದರು. ಅದರೊಳಗೆ ಎರಡು ತಿಂಗಳ ಹಿಂದೆ ಕಳಿಸಿದ ನೋಟೀಸಿನ ಪ್ರತಿ ಇತ್ತು. ಕೆರೆಯ ನೀರನ್ನು ಅರ್ಧಕ್ಕೆ ಇಳಿಸಬೇಕು, ಏರಿಯನ್ನು ಪರೀಕ್ಷೆ ಮಾಡಿಸಬೇಕು, ದುರಸ್ತಿ ಮಾಡಿಸಬೇಕು, ಇಲ್ಲವೇ ಏರಿಯನ್ನು ಕಡಿದು ಹಳ್ಳವನ್ನು ಹರಿಯಲು ಬಿಡಬೇಕು. ಕೆಳಗೆ, ತಲುಪಿದೆ ಎಂದು ಭಾವನ ಸಹಿ. ಕೊನೆಯ ಅಕ್ಷರಕ್ಕೆ ಬಾಲ ಎಳೆಯುವ ಅದೇ ಸಹಿ. ನೋಟೀಸಿನ ಗಡುವು ಮುಗಿಯುವುದು ಇದೇ ಶನಿವಾರ.

ಮಾಲೀಕರು ಬದಲಾದರೆ ಏನಾಗುತ್ತದೆ ಎಂದು ಅವಳು ಕೇಳಿದಳು.

"ಹೊಸ ಮಾಲೀಕರಿಗೆ ಹೊಸ ನೋಟೀಸು ಕಳಿಸ್ಬೇಕು. ಗಡುವು ಮೊದಲಿಂದ ಶುರು. ಏರಿ ಒಡೆದು ಯಾರಿಗಾದ್ರೂ ಏನಾದ್ರೂ ಆದ್ರೆ, ಅವತ್ತು ಯಾರ ಹೆಸರಲ್ಲಿದೆಯೋ ಅವರೇ ಉತ್ತರ ಹೇಳ್ಬೇಕು," ಎಂದರು ಇಂಜಿನಿಯರಮ್ಮ.

ಹಾಗಾದರೆ ಬಿಸ್ಕತ್ತೂ ಅಲ್ಲ, ಹಾವಿನ ಬುಟ್ಟಿ. ಮುಚ್ಚಳ ಹಾಕಿ ಅವಳ ತಲೆಗೆ ಕಟ್ಟಿ ಭಾವ ಕೈ ತೊಳೆದುಕೊಳ್ಳುತ್ತಿದ್ದರು. ಅವಳಿಗೆ ಸಿಟ್ಟಿಗಿಂತ ಮೊದಲು ಒಂದು ರೀತಿಯ ಸಮಾಧಾನವಾಯಿತು. ಮೂರು ದಿನ ಕೊರೆದ ಅನುಮಾನಕ್ಕೆ ಕಾಗದ ಸಿಕ್ಕಿತ್ತು. ಸಹಿ ಹಾಕುವುದಿಲ್ಲ, ಅಷ್ಟೇ ಎಂದುಕೊಂಡಳು. ಆದರೆ ಸಹಿ ಹಾಕದಿದ್ದರೆ ನೀರು ಇಳಿಯುವುದೇ?

ನೀವೇ ಬಂದು ತೂಬು ಎತ್ತಿ ನೀರು ಬಿಡಿ ಎಂದು ಕೇಳಿಕೊಂಡಳು. ಅದು ಖಾಸಗಿ ಜಾಗ, ತೂಬಿಗೆ ಬೀಗ ಇದೆ, ಬೀಗ ಒಡೆಯಲು ಮೇಲಿನವರ ಲಿಖಿತ ಆದೇಶ ಬೇಕು, ಮೇಲಿನವರು ಪ್ರವಾಸದಲ್ಲಿದ್ದಾರೆ, ಎಷ್ಟು ಓಡಾಡಿದರೂ ಮಂಗಳವಾರ, ಬುಧವಾರ ಆಗುತ್ತದೆ ಎಂದರು ಇಂಜಿನಿಯರಮ್ಮ. ಅವಳ ಎದುರಿಗೇ ಎರಡು ಕಡೆ ಫೋನು ಮಾಡಿ ಜೋರಾಗಿ ಮಾತಾಡಿದರು. ಭಾನುವಾರ ದೊಡ್ಡ ಮಳೆ ಎಂದು ಹವಾಮಾನದವರು ಹೇಳಿದ್ದರಿಂದ ಅವರ ಮುಖವೂ ಚಿಕ್ಕದಾಗಿತ್ತು. ಕೊನೆಗೆ, ಮಾಲೀಕರು ಮನಸ್ಸು ಮಾಡಿದರೆ ಯಾರ ಆದೇಶವೂ ಬೇಡ, ಈಗಲೇ ಎತ್ತಬಹುದು ಎಂದರು. ಒಮ್ಮೆಗೇ ಪೂರ್ತಿ ಎತ್ತಬಾರದು, ನೀರು ದಡದಡ ಇಳಿದರೆ ಒಳಮೈಯ ಹಸಿ ಮಣ್ಣು ಕುಸಿಯುತ್ತದೆ, ದಿನಕ್ಕೊಂದು ಅಡಿ ಸಾಕು ಎಂದೂ ಸೇರಿಸಿದರು. ಅದನ್ನು ಅವಳು ಎರಡು ಸಲ ಕೇಳಿ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

ಬಸ್ಸಿಳಿದವಳು ಸೀದಾ ಭಾವನ ಮನೆಗೆ ಹೋದಳು. ನೋಟೀಸಿನ ಸುದ್ದಿ ಎತ್ತಲಿಲ್ಲ. ಮಳೆ ಬರುತ್ತದಂತೆ, ಒಂದೆರಡು ಅಡಿ ನೀರು ಇಳಿಸಿ, ಅತ್ತೆ ಕೆಳಗೇ ಮಲಗಿದ್ದಾರೆ ಎಂದಷ್ಟೇ ಹೇಳಿದಳು. ಭಾವ ನಕ್ಕರು. ಭಾನುವಾರ ಕಾರ್ಖಾನೆಯೊಂದರ ನಲವತ್ತು ಜನ ವಿಹಾರಕ್ಕೆ ಬರುವವರಿದ್ದಾರೆ, ನೀರಿಲ್ಲದೆ ದೋಣಿ ಎಲ್ಲಿ ಬಿಡುವುದು ಎಂದರು. ಅಮ್ಮನನ್ನು ಬೇಕಾದರೆ ಇಲ್ಲಿಗೇ ತಂದುಬಿಡು ಎಂದರು.

"ನಾಳೆ ನಿನ್ನ ಹೆಸರಿಗಾಗುತ್ತಲ್ಲ. ಆಮೇಲೆ ನಿನ್ನ ಕೆರೆ, ನಿನ್ನ ಇಷ್ಟ," ಎಂದು ಬಾಗಿಲವರೆಗೆ ಬಂದು ಕಳಿಸಿಕೊಟ್ಟರು.

ಆ ಮಾತನ್ನು ಅವರು ಬೆಣ್ಣೆ ಹಚ್ಚಲು ಆಡಿದ್ದು. ಅವಳು ಅದನ್ನು ದಾರಿಯುದ್ದಕ್ಕೂ ಮಡಚಿ ಬಿಚ್ಚಿ ನೋಡಿದಳು.

ಅತ್ತೆಯನ್ನು ಸಾಗಿಸುವ ಮಾತೂ ಎತ್ತಿದಳು. ಅತ್ತೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ದೊಡ್ಡ ಸೊಸೆಯ ಮನೆಯ ಮೆಟ್ಟಿಲು ಹತ್ತಿಸುವುದಾದರೆ ಹೆಣವಾದ ಮೇಲೆ ಹತ್ತಿಸು, ಆಗ ಹಗುರವಾಗಿರುತ್ತೇನೆ ಎಂದರು. ಅವರನ್ನು ಹೊತ್ತೊಯ್ದರೂ ಉಳಿದ ಏಳು ಮನೆಗಳನ್ನು ಯಾರು ಹೊರುವುದು? ಆ ಮನೆಗಳಲ್ಲಿ ಹೇಳಿ ನೋಡಿದಳು. ನಾಲ್ವರು ನಕ್ಕರು. ಮೂರನೆಯ ಮನೆಯ ಬೇಕರಿಯವನು ಮಾತ್ರ, ದಾನ ಬರುವ ಹೊತ್ತಿಗೆ ಕೆರೆ ಕೆಟ್ಟಿದೆ ಅಂತ ಸುದ್ದಿ ಹಬ್ಬಿಸ್ತಿದ್ದೀಯಲ್ಲ, ಕಡಿಮೆ ಬೆಲೆಗೆ ನಮ್ಮ ಮನೆಗಳನ್ನೂ ಹೊಡೆಯುವ ಲೆಕ್ಕವೇ ಎಂದು ಮೂಗು ಮುರಿದ. ಭಾವನ ಮೇಲಿದ್ದ ಅನುಮಾನ ಹೀಗೆ ಬೀದಿ ಸುತ್ತಿ ಅವಳ ಮೇಲೆಯೇ ಬಂದು ಕೂತಿತು.

ಶುಕ್ರವಾರ ನೋಂದಣಿ ಕಚೇರಿಯ ಎದುರಿನ ಸಾಲಿನಲ್ಲಿ, ಪತ್ರ ಬರೆಯುವವನ ಮೇಜಿನ ಮುಂದೆ ಭಾವ ಆಗಲೇ ಕೂತಿದ್ದರು. ಹೊಲಿಗೆಯಮ್ಮ ದಾನಪತ್ರವನ್ನು ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಪತ್ರ ಬರೆಯುವವನು ಎರಡು ಸಲ ಆಕಳಿಸಿದ. ಒಂಬತ್ತನೆಯ ಸಾಲಿನಲ್ಲಿ, ದೋಣಿ ಬಿಡುವ ಹಕ್ಕು ಮಾತ್ರ ಹತ್ತು ವರ್ಷ ದಾನ ಕೊಟ್ಟವರಿಗೇ ಉಳಿಯುತ್ತದೆ ಎಂದಿತ್ತು. ಕ್ರೀಮು ಎಲ್ಲಿ ಹೋಯಿತೆಂದು ಅವಳಿಗೆ ತಿಳಿಯಿತು. ಭಾವ ಕಣ್ಣಂಚಿನಲ್ಲೇ ಅವಳನ್ನು ನೋಡುತ್ತಿದ್ದರು. ಅವಳು ಆ ಸಾಲನ್ನು ದಾಟಿ ಮುಂದೆ ಹೋದಳು. ದೋಣಿ ಬಿಡುವ ಹಕ್ಕು ಇತ್ತು. ಕೆರೆಯಲ್ಲಿ ಯಾವಾಗಲೂ ನೀರು ತುಂಬಿರಬೇಕು ಎಂದು ಎಲ್ಲೂ ಬರೆದಿರಲಿಲ್ಲ. ಪೂರ್ತಿ ಓದಿ ಮುಗಿಸಿ, ಒಂದು ಸಾಲು ಸೇರಿಸಬೇಕು ಎಂದಳು: ತೂಬು, ಅದರ ಚಕ್ರ ಮತ್ತು ಬೀಗದ ಕೈ ಸಹಿತ.

"ಅದೆಲ್ಲ ಕೆರೆ ಜೊತೆಗೇ ಬಂತಲ್ಲಮ್ಮಾ," ಎಂದ ಪತ್ರ ಬರೆಯುವವನು.

"ಬಂತು ಅಂದಮೇಲೆ ಬರೆಯೋಕೇನು?"

ಭಾವನ ಮುಖ ಬಿಗಿಯಿತು. "ಬೀಗದ ಕೈ ಈಗ್ಲೇ ಯಾಕೆ? ಸೋಮವಾರ ತಂದುಕೊಡ್ತೀನಿ."

"ಗುಂಡಿ ಸೋಮವಾರ ಹಚ್ಚಿಕೊಡ್ತೀನಿ ಅಂದ್ರೆ ನೀವು ಅಂಗಿ ತಗೊಂಡು ಹೋಗ್ತೀರಾ ಭಾವ?"

ಪತ್ರ ಬರೆಯುವವನು ಕಿಸಕ್ಕೆಂದ. ಭಾವ ಗಡಿಯಾರ ನೋಡಿದರು, ಫೈಲು ನೋಡಿದರು. ಮರುದಿನದ ಗಡುವು ಅವರ ಹಣೆಯ ಮೇಲೆ ಬೆವರಾಗಿ ಕೂತಿದ್ದು ಅವಳಿಗೆ ಕಾಣುತ್ತಿತ್ತು. ಇವಳಿಗೇನಾದರೂ ಗೊತ್ತಾಗಿದೆಯೇ ಎಂಬ ಅನುಮಾನವೂ ಅಲ್ಲೇ ಸುಳಿಯುತ್ತಿತ್ತು. ಗೊತ್ತಿದ್ದವಳು ಸಹಿ ಹಾಕಲು ಬರುತ್ತಿರಲಿಲ್ಲ ಎಂಬ ಧೈರ್ಯವೇ ಗೆದ್ದಿರಬೇಕು. ಕೀಲಿ ಗೊಂಚಲಿನಿಂದ ತೂಬಿನ ಕೈ ಬಿಡಿಸಿ ಮೇಜಿನ ಮೇಲಿಟ್ಟರು. ಅದರ ಮೇಲೆ ಎಡಗೈ ಇಟ್ಟುಕೊಂಡು ಅವಳು ಬಲಗೈಯಲ್ಲಿ ಸಹಿ ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಮುದ್ರೆ ಬಿತ್ತು.

ಮನೆಗೆ ಹೋಗಲಿಲ್ಲ. ಬೆಳಿಗ್ಗೆಯೇ ಚೀಲದಲ್ಲಿ ಹಾಕಿಕೊಂಡಿದ್ದ ಹೊಲಿಗೆಯಂತ್ರದ ಎಣ್ಣೆಯ ಡಬ್ಬಿಯೊಂದಿಗೆ ಏರಿ ಹತ್ತಿದಳು. ಬೀಗಕ್ಕೆ ಎಣ್ಣೆ ಬಿಟ್ಟಳು, ತುಕ್ಕು ಹಿಡಿದ ಚಕ್ರದ ಸಂದುಗಳಿಗೆ ಬಿಟ್ಟಳು, ಕಾದಳು, ಮತ್ತೆ ಬಿಟ್ಟಳು. ಮೂರನೆಯ ಸಲ ಇಡೀ ಮೈಭಾರ ಹಾಕಿ ತಿರುಗಿಸಿದಾಗ ಚಕ್ರ ಕಿರುಗುಟ್ಟಿ ಕಾಲು ಸುತ್ತು ಬಂತು. ಕೆಳಗೆ ಹಳ್ಳದಲ್ಲಿ ನೀರು ಬಿದ್ದ ಸದ್ದು ಕೇಳಿತು. ಅಷ್ಟಕ್ಕೇ ನಿಲ್ಲಿಸಿ, ನೀರಿನಂಚಿನಲ್ಲಿ ಅಳತೆಯ ಟೇಪು ಸುತ್ತಿದ ಕೋಲೊಂದನ್ನು ನೆಟ್ಟು, ಬೀಗ ಹಾಕಿಕೊಂಡು ಬಂದಳು.

ಶನಿವಾರ ನೀರು ಒಂದಡಿ ಇಳಿದಿತ್ತು. ಭಾವನಿಗೆ ಸುದ್ದಿ ಮುಟ್ಟಿ, ಅವರು ಬಾಗಿಲಿಗೆ ಬಂದು, ಬೀಗದ ಕೈ ಕೇಳಿ, ಕೊಡದಿದ್ದಾಗ ಬೀದಿಗೆಲ್ಲ ಕೇಳುವಂತೆ ಮಾತಾಡಿದರು. ಅಪ್ಪ ಕಟ್ಟಿದ್ದನ್ನು ಒಂದೇ ದಿನಕ್ಕೆ ಹಾಳುಮಾಡಿದಳು ಎಂದರು. ಕೆರೆ ಒಣಗಿಸಿ ಸೈಟು ಮಾಡಿ ಮಾರುತ್ತಾಳೆ ನೋಡಿ ಎಂದರು. ಬೀದಿ ನಂಬಿತು. ಸಂಜೆ ಬ್ರೆಡ್ಡು ತರಲು ಹೋದಾಗ ಬೇಕರಿಯವನು, ನನಗೂ ಒಂದು ಮೂಲೆ ಸೈಟು ನೋಡಮ್ಮ ಎಂದು ಚುಚ್ಚಿದ. ಅವಳು ಚಿಲ್ಲರೆ ಎಣಿಸಿಕೊಂಡು ಬಂದಳು.

ಭಾನುವಾರ ಮುಂಜಾನೆ ನೀರು ಇನ್ನೊಂದಡಿ ಇಳಿದಿತ್ತು, ಮೋಡ ಕಟ್ಟಿತ್ತು. ಕಾರ್ಖಾನೆಯ ಬಸ್ಸು ಬಂದು ನಿಂತಿತು. ದಡಕ್ಕೆ ಕಟ್ಟಿದ್ದ ಆರೂ ದೋಣಿಗಳು ಕೆಸರಿನಲ್ಲಿ ಹೊಟ್ಟೆ ಊರಿ ಮಲಗಿದ್ದವು. ಭಾವ ಆ ಜನರನ್ನೆಲ್ಲ ಏರಿಯ ಮೇಲೆ ನಿಲ್ಲಿಸಿಕೊಂಡು, ನೋಡಿ ಇವಳು ಮಾಡಿದ್ದು ಎಂದು ತೋರಿಸುತ್ತಿದ್ದರು. ಕೆಳಬೀದಿಯವರೂ ಹತ್ತಿ ಬಂದರು. ಹೊಲಿಗೆಯಮ್ಮ ಮೂರನೆಯ ಮೊಂಡಿನ ಕೆಳಗೆ, ಹೊಸದಾಗಿ ಬತ್ತಿದ ಒಳಮೈಯನ್ನೇ ನೋಡುತ್ತಿದ್ದಳು. ನಿನ್ನೆಯವರೆಗೆ ನೀರಿನಡಿ ಇದ್ದ ಮಣ್ಣಿನಲ್ಲಿ ಒಂದು ಕುಳಿ ಕಾಣುತ್ತಿತ್ತು, ಇಲಿಯ ಬಿಲಕ್ಕಿಂತ ದೊಡ್ಡದು, ತುಟಿ ನುಣ್ಣಗೆ ಸವೆದದ್ದು. ಮರದ ದಪ್ಪ ಬೇರೊಂದು ಕೊಳೆತು ಹೋಗಿ, ಅದು ಇದ್ದ ಜಾಗ ಕೊಳವೆಯಾಗಿ ಉಳಿದಿತ್ತು.

ಅವಳು ಬೇಕರಿಯವನನ್ನು ಕರೆದು, ಒಲೆಯಿಂದ ಬ್ರೆಡ್ಡು ತೆಗೆಯುವ ಉದ್ದ ಕೋಲು ತರುತ್ತೀಯಾ ಎಂದು ಕೇಳಿದಳು. ಅವನು ನಗುತ್ತಲೇ ತಂದ. ನಗುತ್ತಲೇ ಬಗ್ಗಿ, ಹಿಡಿಯ ಕಡೆಯಿಂದ ಕುಳಿಯೊಳಗೆ ತೂರಿಸಿದ. ಕೋಲು ಹೋಯಿತು, ಹೋಗುತ್ತಲೇ ಇತ್ತು. ಕೋಲಿನ ತುದಿಯ ಹಲಗೆ ಕುಳಿಯ ಬಾಯಿಗೆ ತಾಗಿ ನಿಂತಾಗ ಅವನು ಮುಖವೆತ್ತಿ ಕೆಳಗಿನ ತನ್ನ ಮನೆಯನ್ನು ನೋಡಿದ, ಆಮೇಲೆ ಭಾವನನ್ನು.

"ಬುಡಕ್ಕೆ ಹೊಸ ಹುಲ್ಲು ಹೊದಿಸಿದ್ದು ಯಾರು ಭಾವ?" ಎಂದಳು ಹೊಲಿಗೆಯಮ್ಮ. ದನಿ ಏರಿಸಲಿಲ್ಲ.

"ಅಪ್ಪನ ಕೆರೆ," ಎಂದರು ಭಾವ. "ಖಾಲಿ ಮಾಡೋಕೆ ನನಗೆ ಕೈ ಬರ್ಲಿಲ್ಲ."

ಇರಬಹುದು. ಅದನ್ನು ಅವಳು ಅರ್ಧ ನಂಬಿದಳು. ಉಳಿದ ಅರ್ಧವನ್ನು ಎಲ್ಲಿಡಬೇಕೆಂದು ಅವಳಿಗೆ ಇವತ್ತಿಗೂ ತಿಳಿದಿಲ್ಲ.

ಮಾತಿಗೆ ಹೊತ್ತಿರಲಿಲ್ಲ. ಇಂಜಿನಿಯರಮ್ಮನಿಗೆ ಫೋನು ಮಾಡಿದರೆ, ಒಳಗಿನ ಬಾಯಿಗೆ ಮಣ್ಣಿನ ಚೀಲ ಒಟ್ಟಿ, ಕೆಳಗಿನ ಬಾಯಿ ಮುಚ್ಚಬೇಡಿ ಎಂದರು. ಬೇಕರಿಯವನು ಮೈದಾದ ಖಾಲಿ ಚೀಲಗಳನ್ನು ತಂದು ಸುರಿದ. ಕಾರ್ಖಾನೆಯ ಜನ ವಿಹಾರದ ಬಟ್ಟೆಯಲ್ಲೇ ಮಣ್ಣು ತುಂಬಿದರು, ಅವಳು ಗೋಣಿ ಸೂಜಿಯಲ್ಲಿ ಬಾಯಿ ಹೊಲಿದಳು. ಭಾವನೂ ಒಂದಿಷ್ಟು ಚೀಲ ಹೊತ್ತರು. ಯಾರು ನೋಡುತ್ತಿದ್ದಾರೆಂದು ಆಗಾಗ ನೋಡಿಕೊಂಡು ಹೊತ್ತರು ಎಂದು ಅವಳಿಗೆ ಅನ್ನಿಸಿತು. ಮಧ್ಯಾಹ್ನ ಮಳೆ ಹಿಡಿಯಿತು, ಐದು ತಾಸು ಬಿಡಲಿಲ್ಲ. ಕೆರೆಯ ನೀರು ಅರ್ಧ ಅಡಿ ಏರಿ, ಕುಳಿಗೆ ನಾಲ್ಕು ಬೆರಳು ಕೆಳಗೆ ನಿಂತಿತು. ಅತ್ತೆಯ ಕಿಟಕಿಯ ಎದುರು ಮಣ್ಣು ಮಣ್ಣಾಗಿಯೇ ಉಳಿಯಿತು.

ಮಂಗಳವಾರ ಇಂಜಿನಿಯರಮ್ಮ ಆದೇಶ ಹಿಡಿದು ಬಂದರು. ಅದು ಈಗ ಹೊಲಿಗೆಯಮ್ಮನ ಹೆಸರಿನಲ್ಲಿತ್ತು. ದುರಸ್ತಿಯೋ, ಏರಿ ಕಡಿಯುವುದೋ, ಮಾಲೀಕರು ಬರೆದುಕೊಡಬೇಕು ಎಂದರು. ಏಳು ಮೊಂಡುಗಳ ಬೇರೂ ಒಳಗೆ ಕೊಳೆಯುತ್ತಿರುವಾಗ ಒಂದು ತೂತು ಮುಚ್ಚಿ ಫಲವಿಲ್ಲ ಎಂದೂ ಹೇಳಿದರು. ಹೊಲಿಗೆಯಮ್ಮ ಕಾಗದ ತೆಗೆದುಕೊಂಡು ಒಳಗೆ ಹೋದಳು. ಕಟ್ಟಿಸಿದವರ ಹೆಂಡತಿ ಇನ್ನೂ ಇರುವಾಗ ಕೇಳದೆ ಬರೆಯುವುದು ಅವಳಿಗೆ ಆಗಲಿಲ್ಲ.

"ಕಡಿಸ್ತೀನಿ ಅತ್ತೆ. ನೀವು ಬೇಡ ಅಂದ್ರೂ ಕಡಿಸ್ತೀನಿ. ಆದ್ರೂ ಕೇಳ್ತಿದ್ದೀನಿ."

ಅತ್ತೆ ಕಿಟಕಿಯ ಕಡೆ ತಿರುಗಿ ಏರಿಯನ್ನು ನೋಡಿದರು.

"ಅಗೆಯೋಕೆ ಯಾರನ್ನ ಕರೀತೀಯ?"

"ಭಾವನಿಗೆ ಗೊತ್ತಿರೋ ಯಂತ್ರದವರು ಇದ್ದಾರಂತೆ. ಹೇಳ್ತೀನಿ ಅಂದಿದ್ದಾರೆ."

"ಅವನ ಕಡೆಯವರು ಬೇಡ ಕಣೇ," ಎಂದರು ಅತ್ತೆ. "ಅರ್ಧ ಅಗೆದು ಬಿಟ್ಟು ಹೋಗ್ತಾರೆ. ಬೇರೆ ಯಾರನ್ನಾದ್ರೂ ಕರೆಸು. ಅಗೆಯೋವಾಗ ನೀನೇ ಅಲ್ಲಿ ನಿಂತಿರು."